ಒಳಜೇಬು

ಮೆರವಣಿಗೆಗೆ ಇನ್ನೂ ನಾಲ್ಕು ದಿನ ಇತ್ತು.
ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಗೆ
ಮೊದಲು ಬಂದವಳು ಬಿಸಿಯೂಟದ ಕೆಂಚಮ್ಮ.
'ಲಂಗಕ್ಕೊಂದು ಜೇಬು ಹೊಲಿದುಕೊಡು ಸಾಜಿದಾ,
ಬ್ಯಾಗು ಹಿಡಕೊಂಡರೆ ಕೈ ಎತ್ತೋದು ಹೆಂಗೆ?'

ಹದಿನಾರು ವರ್ಷದಿಂದ ಹೊಲಿಯುತ್ತಿದ್ದೇನೆ.
ಗಂಡಸರ ಅಂಗಿಗೆ ಎದೆಯ ಮೇಲೊಂದು,
ಪ್ಯಾಂಟಿಗೆ ಪಕ್ಕಕ್ಕೆರಡು, ಹಿಂದೊಂದು,
ಕೇಳಿದರೆ ಒಳಗೊಂದು ಕಳ್ಳಜೇಬು.
ಹೆಂಗಸರ ಬಟ್ಟೆಗೆ ಯಾರೂ ಕೇಳಿರಲಿಲ್ಲ.
ನಾನೂ ಕೇಳಿಕೊಂಡಿರಲಿಲ್ಲ,
ನನ್ನ ನೋಟುಗಳೂ ಎದೆಯ ಸಂದಿಯಲ್ಲೇ
ಬೆವರಿ ಮೆತ್ತಗಾಗುತ್ತಿದ್ದವು.

ಮಾರನೆಯ ದಿನ ಮೂವರು. ಆಮೇಲೆ ಲೆಕ್ಕ ತಪ್ಪಿತು.
ಮೊಬೈಲಿನ ಅಳತೆಗೆ,
ಎಲೆಯಡಿಕೆ ಚೀಲ ಹಿಡಿಸುವಷ್ಟು,
ಗಾರ್ಮೆಂಟ್ಸಿನ ಫಿಲೋಮಿನಾಗೆ
ಗೇಟ್ ಪಾಸು ಮಡಚದೆ ಇಡುವಷ್ಟು.
'ಮಡಚಿದರೆ ಸೂಪರ್‌ವೈಸರ್ ಬಯ್ತಾನಕ್ಕ.'

ದುದ್ದದಿಂದ ಬಂದ ಹೊನ್ನಾಜಮ್ಮ ಮಾತ್ರ
ಅಳತೆ ಹೇಳಲಿಲ್ಲ.
ಸೆರಗಿನ ಗಂಟು ಬಿಚ್ಚಿ
ಪಾಸ್‌ಪೋರ್ಟ್ ಸೈಜಿನ ಫೋಟೋ ಒಂದನ್ನು
ಮಿಷಿನ್ನಿನ ಮೇಲಿಟ್ಟಳು.
ಎರಡು ಜಡೆ, ಸಮವಸ್ತ್ರ, ಕಿವಿ ಸ್ವಲ್ಪ ದೊಡ್ಡದು.
'ಇವಳು ಹಿಡಿಸುವಷ್ಟು' ಅಂದಳು.

ಟೇಪು ತೆಗೆಯಲಿಲ್ಲ ನಾನು.
ಫೋಟೋದ ಸುತ್ತ ಸೀಮೆಸುಣ್ಣದ ಗೆರೆ ಎಳೆದೆ,
ಹೊಲಿಗೆಗೆಂದು ಅರ್ಧ ಇಂಚು ಬಿಟ್ಟೆ,
ಒಂದರ ಮೇಲೊಂದು ಎರಡು ಹೊಲಿಗೆ ಹಾಕಿದೆ.
ಕಾಸು ತಗೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ.
ಹತ್ತು ರೂಪಾಯಿ ಕೊಟ್ಟಳು, ತಗೊಂಡೆ.
ಬೇಡ ಅಂದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು.

ಆ ದಿನ ಹೇಮಾವತಿ ಪ್ರತಿಮೆಯ ಹತ್ತಿರ
ಅಷ್ಟು ಹೆಂಗಸರನ್ನು ಒಟ್ಟಿಗೆ ಕಂಡು
ನನಗೆ ಹೊಳೆದ ಮೊದಲ ವಿಚಾರ:
ಇಷ್ಟೂ ಜನಕ್ಕೆ ಪಾಯಖಾನೆ ಎಲ್ಲಿ?
ಪಾರ್ಕಿನ ಬಳಿ ಒಂದಿತ್ತು, ಬೀಗ.
ಕೀಲಿ ಇಟ್ಟವನು ಊಟಕ್ಕೆ ಹೋಗಿದ್ದ.
ಕಾಯುವ ಸಾಲಿನಲ್ಲಿ ನಮ್ಮ ಹಿಂದೆಯೇ ಬಂದು ನಿಂತಳು
ಬಂದೋಬಸ್ತಿಗೆ ಬಂದ ಪೇದೆ, ಕಂಕುಳಲ್ಲಿ ಲಾಠಿ.
ಅವಳ ಖಾಕಿಗೆ ನಾಲ್ಕು ಜೇಬು. ಎಣಿಸಿದೆ.

ಬಿ.ಎಂ. ರಸ್ತೆ.
ಯಾವತ್ತೂ ಅಂಚು ಹಿಡಿದೇ ನಡೆದ ರಸ್ತೆ,
ಬೈಕುಗಳು ಬೇಕೆಂದೇ ಸವರಿಕೊಂಡು ಹೋಗುವ ಅಂಚು.
ಇವತ್ತು ನಡುಮಧ್ಯ.
ಕಾಲಡಿಯ ಬಿಳಿ ತುಂಡುಗೆರೆಗಳು
ಕಚ್ಚಾ ಹೊಲಿಗೆಯ ಹಾಗೆ,
ಒಂದು ತುದಿ ಹಿಡಿದು ಎಳೆದರೆ
ಪೂರಾ ಬಿಚ್ಚಿಕೊಳ್ಳುವ ಹಾಗೆ.

ಘೋಷಣೆ ಮುಂದಿನಿಂದ ಬರುತ್ತಿತ್ತು.
ನಮ್ಮ ತನಕ ತಲುಪುವಷ್ಟರಲ್ಲಿ ಅರ್ಧ ಉದುರಿ
'ಬೇಕೇ ಬೇಕು' ಮಾತ್ರ ಉಳಿಯುತ್ತಿತ್ತು.
ಏನು ಬೇಕಂತೆ, ಕೇಳಿದಳು ಕೆಂಚಮ್ಮ.
'ಮೊದಲು ಕೂಗು, ಆಮೇಲೆ ಪಟ್ಟಿ ಮಾಡಾಣ'
ಅಂದಳು ಫಿಲೋಮಿನಾ.
ಕೂಗಿದೆವು.
ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ
ಬದುಕಿದವಳು ನಾನು;
ಬಾಯಿ ತೆರೆದರೆ ಏನೋ ಉದುರುತ್ತದೆಂಬ ಭಯ
ಆಗಲೂ ಇತ್ತು.

ಹೊನ್ನಾಜಮ್ಮ ಕೂಗಲಿಲ್ಲ.
ಬಲಗೈಯನ್ನು ಸೊಂಟದ ಹತ್ತಿರ, ನಿರಿಗೆಯ ಮೇಲೆ
ಅಗಲವಾಗಿ ಒತ್ತಿಕೊಂಡೇ ನಡೆದಳು,
ಈಗಷ್ಟೇ ನಿದ್ದೆ ಹತ್ತಿದ ಮಗುವಿನ
ಬೆನ್ನ ಮೇಲಿಟ್ಟ ಕೈ ಹಾಗೆ.

ಎನ್.ಆರ್. ವೃತ್ತ ದಾಟಿದ ಮೇಲೆ
ಆಲೂಗೆಡ್ಡೆ ಲಾರಿಯೊಂದು ನಮಗಾಗಿ ನಿಂತು
ಎಂಜಿನ್ ಆರಿಸಿತು.
ಆ ಗಳಿಗೆಯ ನಿಶ್ಶಬ್ದದಲ್ಲಿ ಅವಳು
'ಸಿಂಚನಾ…' ಅಂದಳು.
ಘೋಷಣೆಯಲ್ಲ.
ಆಟಕ್ಕೆ ಹೋದವಳನ್ನು
ಕತ್ತಲಾಯಿತು ಬಾ ಎಂದು ಕರೆಯುವ ದನಿ.
ಯೋಚಿಸುವ ಮೊದಲೇ ನಮ್ಮ ಬಾಯಿ
'ಬೇಕೇ ಬೇಕು' ಅಂದುಬಿಟ್ಟಿತು.
ಹಿಂದಿನ ಸಾಲೂ ಅಂದಿತು,
ಅದರ ಹಿಂದಿನದೂ,
ಆ ಹುಡುಗಿ ಯಾರೆಂದು ಗೊತ್ತೇ ಇಲ್ಲದವರೂ.

ಡಿಸಿ ಆಫೀಸಿನಲ್ಲಿ ಮನವಿ ಕೊಟ್ಟರಂತೆ.
ನಾನು ನೋಡಲಿಲ್ಲ. ಹಿಂದೆ ಇದ್ದೆವು,
ಯಾರದೋ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು,
ಪಿನ್ನು ಹಾಕಿಕೊಡುತ್ತಿದ್ದೆ.

ಹದಿನೈದು ದಿನ ಬಿಟ್ಟು
ಹೊನ್ನಾಜಮ್ಮ ಮತ್ತೆ ಬಂದಳು.
ಜೇಬಿಗೊಂದು ಗುಂಡಿ ಬೇಕಂತೆ.
'ನಾಟಿ ಹಾಕುವಾಗ ಬಗ್ಗಿದರೆ ಜಾರುತ್ತಾಳೆ.'
ಡಬ್ಬಿ ಸುರುವಿ ಹುಡುಕಿದೆ.
ಕೈಗೆ ಸಿಕ್ಕಿದ್ದು, ಇಸ್ಕೂಲು ಅಂಗಿಗೆ ಹಾಕುವ
ಬಿಳಿ ಗುಂಡಿ.