ಗೆರಟಿ, ಗ್ಯಾರಿಟಿ, ಗರ್ಟಿ

ಡಂಡೀಯ ಶಾಲೆಯೊಂದರ ಅಡುಗೆಮನೆಯಲ್ಲಿ
ಮೂವತ್ತೆಂಟು ವರ್ಷ ಆಲೂಗಡ್ಡೆ ಸುಲಿದವಳು ನಾನು.
ನಿವೃತ್ತಿಯ ದಿನ ಕೊಟ್ಟ ಕೈಗಡಿಯಾರ ಕಟ್ಟಿಕೊಂಡು
ಈಗ ಪ್ರತಿ ಮಂಗಳವಾರ
ಸತ್ತವರನ್ನು ಹುಡುಕುವ ಕೆಲಸ.

ಯೂನಾ ಚಿಕ್ಕಮ್ಮನಿಗೆ ಇದು ಹಿಡಿಸದು.
"ಐರ್ಲೆಂಡಿನಿಂದ ಬಂದೆವು, ಅಷ್ಟೆ.
ತಿನ್ನಲಿಕ್ಕಿದ್ದಿದ್ದರೆ ಬರುತ್ತಿದ್ದೆವೇನೇ?
ಇನ್ನೇನಿದೆ ಅಂತ ಕೆದಕುತ್ತೀ?"
ಎನ್ನುತ್ತಲೇ ಬಿಸ್ಕತ್ತಿನ ಡಬ್ಬಿ ಮುಂದೆ ತಳ್ಳುತ್ತಾಳೆ.
ಒಳಗೆ ಬಿಸ್ಕತ್ತಿಲ್ಲ: ಒಂದು ಜಪಮಾಲೆ, ಮೂರು ಗುಂಡಿ,
ಗಿರಣಿಯಲ್ಲಿ ಸೆಣಬಿನ ಗಂಟು ಕತ್ತರಿಸುವ ಗಿಡ್ಡ ಚಾಕು.

ನನ್ನ ಮುತ್ತಜ್ಜಿಯ ತಾಯಿ, ಹೊನೋರಾ.
ಇಷ್ಟು ಖಚಿತ.
ಮಿಕ್ಕದ್ದೆಲ್ಲ ಕೇಳಿದವನ ಕಿವಿ, ಬರೆದವನ ಕೈ.
ಮದುವೆಯ ದಫ್ತರದಲ್ಲಿ ಗೆರಟಿ,
ಚೊಚ್ಚಲ ಮಗುವಿನ ಜನನಕ್ಕೆ ಗ್ಯಾರಿಟಿ,
ಹನ್ನೊಂದೇ ತಿಂಗಳಿಗೆ ಅದೇ ಮಗುವಿನ ಮರಣಕ್ಕೆ
ಗರ್ಟಿ.
ಆ ದಿನ ಬಾಯಿಂದ ಅಕ್ಷರ ನೆಟ್ಟಗೆ ಹೊರಟಿರಲಿಕ್ಕಿಲ್ಲ.

ರುಜು ಇರಬೇಕಾದಲ್ಲಿ ಕತ್ತರಿ ಗೀಟು.
ಒಂದರ ಮೇಲೊಂದು ಬಿದ್ದ ಎರಡು ಕಡ್ಡಿ;
ಎಡದ್ದು ಉದ್ದ, ತುದಿಯಲ್ಲಿ ನಿಬ್ಬು ಕಾಗದ ಗೀರಿದೆ.
ನಾನು ಅಲ್ಲಿ ಬೆರಳಿಟ್ಟೆ.
ಬ್ಯಾಲಿಂಗಾಲ್, ಅಲ್ಲಿಯ ಗುಮಾಸ್ತ, ಕೆಮ್ಮಿದ.
ತೆಗೆದೆ.

ಹತ್ತು ವರ್ಷಕ್ಕೊಮ್ಮೆ ಬಂದ ಗಣತಿಯವನಿಗೆ
ಅವಳ ವಯಸ್ಸು ಇಪ್ಪತ್ತಾರು, ಮೂವತ್ತೊಂದು, ನಲವತ್ತೇಳು.
ಹುಟ್ಟಿದ್ದೆಲ್ಲಿ? ಮೂರು ಸಲವೂ: ಐರ್ಲೆಂಡ್.
ಇಡೀ ದ್ವೀಪವನ್ನೇ ಬರೆದುಬಿಟ್ಟ ಪುಣ್ಯಾತ್ಮ,
ನನಗೆ ಬೇಕಿದ್ದದ್ದು ಒಂದು ಬಾಗಿಲು.

ಹಡಗಿನ ಪಟ್ಟಿ ಕೇಳಿದೆ. ಇಲ್ಲವಂತೆ.
ಆಗ ಎರಡೂ ಒಂದೇ ರಾಜ್ಯ;
ಈ ಕೋಣೆಯಿಂದ ಆ ಕೋಣೆಗೆ ನಡೆದವರ ಹೆಸರು
ಯಾರು ಬರೆದಿಡುತ್ತಾರೆ?
ಆಚೆ ದಡದ ಪುಸ್ತಕಗಳೋ, ಬಹುಪಾಲು
ಡಬ್ಲಿನ್ನಿನ ಬೆಂಕಿಯಲ್ಲಿ ಬೂದಿ.

ಕೊನೆಗೆ ಸಿಕ್ಕಿದ್ದು ಬಡವರ ಅರ್ಜಿಗಳ ಪುಸ್ತಕದಲ್ಲಿ.
ಉಂಡುಟ್ಟು ಇದ್ದವರನ್ನು ಯಾರೂ ಏನೂ ಕೇಳಿಲ್ಲ.
ಕೈಚಾಚಿದ ದಿನ ಮಾತ್ರ ಎಲ್ಲ ಕೇಳಿದ್ದಾರೆ:
ಅಪ್ಪ ಯಾರು, ಅಮ್ಮನ ತವರು ಯಾವುದು,
ಗಂಡ ಎಲ್ಲಿ. (ಕೊಯ್ಲಿಗೆ ಹೋದ ಮೈಲ್ಸ್ ಗಿಲ್‌ರೇನ್, ಮರಳಿಲ್ಲ.)
ಮಕ್ಕಳೆಷ್ಟು, ಹಾಸಿಗೆಯೆಷ್ಟು.
ಹಾಸಿಗೆ ಒಂದು, ಹುಲ್ಲಿನದು. ಪಕ್ಕದಲ್ಲಿ: ಚೊಕ್ಕಟವಾಗಿದೆ.
ಹುಟ್ಟೂರು: ಎರಡು ಸಲ ಹೊಡೆದು ಹಾಕಿ, ಮೂರನೆಯ ಸಲಕ್ಕೆ
ಲೀಟ್ರಿಮ್ ಸೀಮೆಯ ಕೊರ್ನಾಗೀಲಾ.

ಊರ ಹೆಸರಷ್ಟೇ ಗೀಚಿಕೊಂಡು ಓಡಿದೆ.
ಹಡಗು ಹತ್ತಿದೆ, ಎರಡು ಬಸ್ಸು ಬದಲಿಸಿದೆ.
ಜೊಂಡು, ಜೌಗು, ಬೇಲಿಗೆ ಮೈ ಉಜ್ಜುವ ಒಂದು ಕತ್ತೆ.
ಟ್ರ್ಯಾಕ್ಟರ್ ನಿಲ್ಲಿಸಿದವನು ತಲೆ ಕೆರೆದ:
"ಗೆರಟಿ? ಆ ಹೆಸರಿನವರು ಇಲ್ಲಿ ಯಾರೂ ಇಲ್ಲ."
ಮಣ್ಣು ತರಬೇಕೆಂದಿದ್ದೆ. ತರಲಿಲ್ಲ.
ಶೂವಿಗೆ ಅಂಟಿದ್ದು ಮಾತ್ರ ಬಂತು.

ಮುಂದಿನ ಮಂಗಳವಾರ ಮತ್ತೆ ಅದೇ ಪುಟ.
ಆತುರದಲ್ಲಿ ಬಿಟ್ಟ ಕೊನೆಯ ಕಾಲಂ, ತೀರ್ಮಾನ:
ಹಣ ಕೊಡಲಾಗದು. ಗಂಜಿಮನೆಯಲ್ಲಿ ಜಾಗವುಂಟು,
ಮಕ್ಕಳನ್ನು ಬೇರೆ ಇಡಲಾಗುವುದು.
ಅದರ ಕೆಳಗೆ, ಶಾಯಿ ತೀರುತ್ತ ಬಂದ ಅಕ್ಷರಗಳಲ್ಲಿ:
ಒಲ್ಲೆ ಅಂದಳು.

ಹೆಸರು ಮೂರು ಬಗೆ, ವಯಸ್ಸು ಬಾಯಿಗೆ ಬಂದಷ್ಟು.
ಇದೊಂದನ್ನು ಮಾತ್ರ
ಸರಿಯಾಗಿ ಕೇಳಿಸಿಕೊಂಡಿದ್ದಾನೆ.

ಯೂನಾಳಿಗೆ ಓದಿ ಹೇಳಿದೆ.
ಡಬ್ಬಿಯಿಂದ ಚಾಕು ತೆಗೆದು ಸೆರಗಿಲ್ಲದ ಏಪ್ರನ್ನಿನಲ್ಲಿ ಒರೆಸಿದಳು,
ಮತ್ತೆ ಒರೆಸಿದಳು.
"ಅದಿರಲಿ," ಅಂದಳು,
"ಆ ರಾತ್ರಿ ಮಕ್ಕಳಿಗೆ ಏನು ಬಡಿಸಿದಳಂತೆ?"