ಮಾತು ಬಿಟ್ಟವರು

ಮೊದಲನೇ ದಿನ ತಪ್ಪಿದ್ದು ನಾನೇ.
ಹೂವಿನ ಪ್ಲಾಸ್ಟಿಕ್ ಹಾಳೆ ಹಾಸಿದ್ದ ಮೇಜಿನ ಮೇಲೆ ಚಿತ್ರ ಇಟ್ಟೆ.
ಪಿಳ್ಳಕ್ಕ ಚಿತ್ರ ನೋಡಲಿಲ್ಲ.
ಹಾಳೆಯ ಮೇಲಿನ ಹೂ ಬಿಡಿಸುತ್ತ ಕೂತಳು,
ಒಂದೊಂದೇ, ಮಡಿಲಿಗೆ ಹಾಕಿಕೊಳ್ಳುತ್ತ.
ಸಂಜೆಯವರೆಗೂ ಬಿಡಿಸಿದಳು. ಮಡಿಲು ತುಂಬಲಿಲ್ಲ.

ಮಾರನೆಯ ದಿನ ನಮ್ಮವರ ಬಿಳಿ ಪಂಚೆ ಹಾಸಿದೆ.

ಶಿಡ್ಲಘಟ್ಟದ ಆಸ್ಪತ್ರೆಯ ಹುಡುಗಿ ಹೇಳಿದ್ದು ಇಷ್ಟು:
ಒಂದು ಸಲಕ್ಕೆ ಒಂದೇ ಚಿತ್ರ, ದೊಡ್ಡದಾಗಿರಲಿ.
ಇದೇನು, ಗೊತ್ತಾಯ್ತಾ ಅಂತ ಪರೀಕ್ಷೆ ಮಾಡಬೇಡಿ.
ನೀವೇ ಏನಾದರೂ ಹೇಳಿ, ಆಮೇಲೆ ಸುಮ್ಮನಿರಿ.

ಸುಮ್ಮನಿರುವುದು ನನಗೆ ಹೊಸದಲ್ಲ.
ಪಾಲಾದ ಮೇಲೆ ಇಪ್ಪತ್ತೆರಡು ವರ್ಷ,
ಗೋಡೆ ಒಂದೇ, ಒಲೆ ಎರಡು,
ಮಾತು ಬಿಟ್ಟವರು ನಾವು ವಾರಗಿತ್ತಿಯರು.
ಸಾವಿನ ಸುದ್ದಿಯನ್ನೂ ಮಕ್ಕಳ ಕೈಲಿ ಹೇಳಿಕಳಿಸಿದವರು.
ಈಗ ಮಾತೇ ಅವಳನ್ನು ಬಿಟ್ಟಿದೆ.
ಬೆಳಗಾದರೆ ಸೊಸೆ ನೂಲು ಬಿಚ್ಚಾಣಿಕೆಗೆ ಹೋಗಬೇಕು,
ಗೋಡೆಯಾಚೆಯಿಂದ ಕರೆದಳು.
ಬಂದೆ. ಅಷ್ಟೇ.

ಹಳೇ ಕ್ಯಾಲೆಂಡರಿನ ಹಸು. ಬೀಜದ ಪೊಟ್ಟಣದ ಬದನೆಕಾಯಿ.
ಮೊಮ್ಮಗ ಚರಣ ಸ್ಕೆಚ್ ಪೆನ್ನಲ್ಲಿ ಬರೆದ ರೇಷ್ಮೆ ಹುಳ,
ಅದು ಹುಳದ ಥರ ಇರಲಿಲ್ಲ.
‘ಮಿರಪಕಾಯ’ ಅಂದಳು ಪಿಳ್ಳಕ್ಕ, ತವರಿನ ತೆಲುಗಿನಲ್ಲಿ.
ಹೌದಲ್ಲ, ಮೆಣಸಿನಕಾಯೇ, ಎಷ್ಟು ಖಾರವೋ ಏನೋ, ಅಂದೆ.
ನಾಲಿಗೆ ಚಾಚಿ ಉಸ್ಸೆಂದಳು.
ಅವತ್ತಿನ ಮಾತುಕತೆ ಅಷ್ಟು. ಚೆನ್ನಾಗಿತ್ತು.

ಕೆಲವು ದಿನ ಏನೂ ಇಲ್ಲ.
ಜ್ವರಕ್ಕೆ ಕೂತ ಹುಳದ ಹಾಗೆ
ತಲೆ ಎತ್ತಿ, ಅಲುಗದೆ, ಎಲ್ಲೋ.
ಹುಳ ಸಾಕಿದವರಿಗೆ ಗೊತ್ತು, ಆಗ ಸೊಪ್ಪು ಹಾಕಬಾರದು.
ಚಿತ್ರ ಮಗುಚಿಟ್ಟು ಕಡಲೆಕಾಯಿ ಸುಲಿಯುತ್ತೇನೆ.
ಹುಳವಾದರೆ ಒಂದು ಹಗಲು ಒಂದು ರಾತ್ರಿಗೆ ಏಳುತ್ತೆ.
ಇವಳ ಲೆಕ್ಕ ನನಗೆ ಗೊತ್ತಿಲ್ಲ.

ಮೊನ್ನೆ ಚರಣನ ಮೂರು ತಿಂಗಳ ಫೋಟೋ ಇಟ್ಟೆ,
ಕಾಲ ಮೇಲೆ ಹಾಕಿಕೊಂಡು ನಾನು ನೀರೆರೆಯುತ್ತಿರುವುದು.
ಆಗಲೇ ಎಂಥಾ ಕೂದಲು ನೋಡಕ್ಕ, ಅಂದೆ.
ಸುಮ್ಮನಾದೆ.
ಅವಳ ಬೆರಳು ಮಗುವನ್ನು ದಾಟಿತು,
ನನ್ನ ಮೊಣಕಾಲು ದಾಟಿತು,
ಫೋಟೋದ ಅಂಚಿಗೆ ಹೋಯಿತು.
ಅಲ್ಲಿ, ಅರ್ಧ ಕತ್ತರಿಸಿಹೋಗಿ,
ಅತ್ತೆಯ ಕಾಲದ ತಾಮ್ರದ ಹಂಡೆ.
ಎಣಿಸಿದೆ. ಹದಿನಾಲ್ಕು. ಹದಿನೈದು.

‘ನಂದು ಅದು.
ನೀನು ಅದರ ಮೇಲೆ ಕೂತ್ಕೊಂಬಿಟ್ಟೆ.’

ಕೂತಿದ್ದೆ. ನಿಜ.
ಪಾಲಿನ ದಿನ ಪಂಚಾಯ್ತಿಯವರೆಲ್ಲ ಜಗಲಿಯಲ್ಲಿರುವಾಗ
ಹಂಡೆ ಬೋರಲು ಹಾಕಿ ಮೇಲೆ ಕೂತು
ಎಬ್ಬಿಸಿರೋ ನೋಡೋಣ ಅಂದವಳು ನಾನು.
ಎಂಟು ತಿಂಗಳಲ್ಲಿ ಅವಳ ಬಾಯಿಂದ ಬಂದ
ಮೊದಲ ಪೂರ್ತಿ ಮಾತು ಅದು,
ಕರ್ತೃ ಕರ್ಮ ಎಲ್ಲ ಸರಿಯಾಗಿ, ನನ್ನ ಮೇಲೇ.

ತಪ್ಪಾಯ್ತು ಅನ್ನಬಹುದಿತ್ತು.
ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.
‘ನಿಂದು ಹೇಗಾಗುತ್ತೆ? ಅತ್ತೆ ನಂಗೇ ಅಂತ ಹೇಳಿದ್ರು’ ಅಂದೆ.
‘ಸುಳ್ಳಿ’ ಅಂದಳು. ಕಣ್ಣು ಹೊಳೆಯಿತು.
‘ನೀನೇ ಸುಳ್ಳಿ’ ಅಂದೆ.
ಮೇಲೂರಿನ ಬೀದಿಯೆಲ್ಲ ಇಣುಕುವ ಹಾಗೆ ಆಡಿದೆವು,
ಅರ್ಧ ತೆಲುಗು, ಅರ್ಧ ಕನ್ನಡ, ಉಳಿದದ್ದು ಕೈ.

ಕಾಫಿ ಆರುವ ಹೊತ್ತಿಗೆ ಅವಳು ಮರೆತಿದ್ದಳು.
ನನಗೆ ರಾತ್ರಿ ನಿದ್ದೆ ಇಲ್ಲ.

ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಿದೆ.
ಚರಣನೂ ನಾನೂ ಗೋಡೆ ಸುತ್ತಿ ಉರುಳಿಸಿಕೊಂಡು ತಂದೆವು,
ದಾರಿಯುದ್ದಕ್ಕೂ ಗಡಗಡ.
ಪಂಚೆಯ ಮೇಲೆ ಹಿಡಿಸಲಿಲ್ಲ. ನೆಲದ ಮೇಲೆ ಬೋರಲಿಟ್ಟೆ.
ಏನೂ ಹೇಳಲಿಲ್ಲ.
ಪಿಳ್ಳಕ್ಕ ಒಂದು ಸುತ್ತು ಬಂದಳು.
ನೆಗ್ಗಿದ ಜಾಗ ಬೆರಳಿನಲ್ಲೇ ಹುಡುಕಿ ಸವರಿದಳು.
ಆಮೇಲೆ ಸೀರೆ ಒದರಿ
ಹಂಡೆಯ ಮೇಲೆ ಕೂತಳು.

ಊಟಕ್ಕೆ ಏಳಕ್ಕ, ಅಂದೆ.
ಏಳಲಿಲ್ಲ.