ಮೂರನೆಯ ಪಾಟಾ

ಮಲ್ಪೆಯಲ್ಲಿ ತುಂಬಿದ ಮೀನು ಹಿರಿಯಡಕದಲ್ಲಿ ಮುಗಿಯುತ್ತದೆ.
ಅಲ್ಲಿಂದ ಹಿಂದಕ್ಕೆ ಬರಿಯ ಗಾಡಿ.
ಬರಿಯ ಪಿಕಪ್ಪಿನ ಕುಣಿತ ನಿಮಗೆ ಗೊತ್ತಿಲ್ಲ.
ಹೊಂಡವೇ ಬೇಕಂತಿಲ್ಲ, ರಸ್ತೆಗೆ ಬಳಿದ
ಬಿಳಿ ಪಟ್ಟಿ ಸಾಕು, ಹಿಂದಿನ ಚಕ್ರ ನೆಗೆಯುತ್ತದೆ;
ಖಾಲಿ ಕ್ರೇಟುಗಳು ಒಂದರ ಮೈಮೇಲೊಂದು ಬಿದ್ದು
ನನ್ನ ಬೆನ್ನಿನ ಲೆಕ್ಕ ಊರಿಗೆಲ್ಲ ಓದುತ್ತವೆ.

"ಒಂದೂಕಾಲು ಟನ್ನಿಗೆ ಮಾಡಿದ ಕಮಾನು ಇದು.
ನಿನ್ನ ಇನ್ನೂರು ಕಿಲೋ ಬಂಗುಡೆ
ಇದರ ಗಮನಕ್ಕೇ ಬಂದಿಲ್ಲ ಮಾರಾಯ್ತಿ"
ಎಂದರು ಹಮ್ಮಬ್ಬ, ಗಾಡಿಯಡಿಗೆ ಟಾರ್ಚು ಬಿಟ್ಟು.
ನಿಜ. ಐಸ್ ಪ್ಲಾಂಟಿನ ಬಾಡಿಗೆ ಓಡುತ್ತಿದ್ದಾಗ
ಇದೇ ಗಾಡಿ ಎಷ್ಟು ಗಂಭೀರ!
ಈಗ ನಾನೇ ಮಾಲಕಿ, ನಾನೇ ಡ್ರೈವರು,
ತಕ್ಕಡಿಯೂ ನನ್ನದೇ.

ಸೋಮವಾರ ಮೀನು ಮುಟ್ಟದವರು ಹೆಚ್ಚು.
ಅಂದೇ ಅಂಗಳದಲ್ಲಿ ಜಾಕಿ ಕೊಟ್ಟೆವು.
ಕೆಂಪುಕಲ್ಲು ತಂದೆ, ಬೈಸಿಕೊಂಡೆ:
"ಅದು ಹೇಳದೆ ಒಡೆಯುತ್ತದೆ."
ಮುರಿದ ದೋಣಿಯ ದಿಮ್ಮಿ ಎರಡು ಸಿಕ್ಕವು,
ಚಾಸಿ ಅದರ ಮೇಲೆ ಕೂತಿತು.

ಹನ್ನೊಂದು ವರ್ಷ ಉಪ್ಪುನೀರು ಕುಡಿದ ಯೂ-ಬೋಲ್ಟು.
ಬೋಲ್ಟು ಯಾವುದು, ನಟ್ಟು ಯಾವುದು, ತುಕ್ಕು ಯಾವುದು,
ಮೂವರೂ ಪಾಲಾಗದ ಒಂದೇ ಮನೆಯವರು.
ಡೀಸೆಲ್ ಹೊಯ್ದು ರಾತ್ರಿಯಿಡೀ ಬಿಟ್ಟೆವು.
ಮಂಗಳವಾರ ಪಾನಾಕ್ಕೆ ನಾಲ್ಕಡಿ ಪೈಪು ತೊಡಿಸಿ
ತುದಿಯಲ್ಲಿ ನಾನೇ ತೂಗಿದೆ,
ಅರುವತ್ತೆಂಟು ಕಿಲೋ, ಮೋಸವಿಲ್ಲದ ತೂಕ.
ಏಳು ನಟ್ಟು ಕೊಟ್ಟವು. ಒಂದು ಕೊಡಲಿಲ್ಲ.
ಅದಕ್ಕೆ ಆಕ್ಸಾ ಬ್ಲೇಡು, ಮಧ್ಯಾಹ್ನದ ಗಂಜಿ ಆರುವ ತನಕ.

ಬೇಲಿಯಾಚೆಯಿಂದ ಶೀನಣ್ಣ:
"ಕಂಪೆನಿಯವ ಮಾಡಿದ್ದನ್ನು ನೀನು ತಿದ್ದುವುದಾ?"
"ದೇವರು ಮಾಡಿದ್ದನ್ನೇ ದಿನಾ ತಿದ್ದುತ್ತೇನೆ ಶೀನಣ್ಣ,
ಕಿವಿರು ತೆಗೆದು, ಬಾಲ ಕತ್ತರಿಸಿ.
ಮೊನ್ನೆ ನಿನಗೂ ಅರ್ಧ ಕಿಲೋ ತಿದ್ದಿ ಕೊಟ್ಟೆನಲ್ಲ."

ನಡುವಿನ ಬೋಲ್ಟು ತೆಗೆಯುವಾಗ ಹಮ್ಮಬ್ಬ ಮಾತಾಡುವುದಿಲ್ಲ.
ಮುಖ ದೂರ, ಬೆರಳು ದೂರ,
ಎರಡೂ ಕಡೆ ಕ್ಲಾಂಪು, ಅರ್ಧರ್ಧ ಸುತ್ತು ಸಡಿಲ.
ಏಳು ಪಾಟಾಗಳು ಬಿಡಿಬಿಡಿಯಾಗಿ ಮಲಗಿದವು.
ಆಗ ಕಂಡೆ: ಒಂದೊಂದರ ಬಾಗೂ ಬೇರೆ.
ಬಿಗಿದಿಟ್ಟಿದ್ದರಿಂದ ಇಷ್ಟು ವರ್ಷ
ಎಲ್ಲದಕ್ಕೂ ಒಂದೇ ಬಾಗು ಅಂದುಕೊಂಡಿದ್ದೆ.
ಮೂರರ ಮತ್ತು ನಾಲ್ಕರ ನಡುವೆ ಒಂದು ಮೀನಿನ ಹುರುಪೆ,
ಯಾವ ವರ್ಷದ್ದೋ, ಇನ್ನೂ ಹೊಳೆಯುತ್ತಿತ್ತು.
ಮಗಳು ಪ್ರಣಮ್ಯ ಅದನ್ನು ಪುಸ್ತಕದೊಳಗೆ ಇಟ್ಟಳು.

ಎಡದಿಂದ ಮೂರನೆಯದು, ಬಲದಿಂದ ಮೂರನೆಯದು ಹೊರಗೆ.
ಉಳಿದವಕ್ಕೆ ತಂತಿ ಬ್ರಷು, ಕರಿ ಗ್ರೀಸು, ಹೊಸ ಬೋಲ್ಟು.
ಗಾಡಿಯ ಹಿಂಭಾಗ ಎರಡು ಬೆರಳು ತಗ್ಗಿತು.
"ನೂರು ಕಿಲೋಮೀಟರ್ ಓಡಿ ಬಂದು ಮತ್ತೆ ಬಿಗಿಸು.
ಇನ್ನು ಐನೂರು ಕಿಲೋ ದಾಟಬೇಡ.
ಐಸಿನವ ಕರೆದರೆ ಇಲ್ಲ ಅನ್ನು."

ಗುರುವಾರ ಐಸಿನವ ಕರೆದ.
ದಿನಕ್ಕೆರಡು ಟ್ರಿಪ್ಪು, ಕೈಯಲ್ಲಿ ಕಾಸು, ಇಡೀ ಸೀಸನ್.
ನಾಳೆ ಹೇಳುತ್ತೇನೆ ಎಂದೆ.
ತೆಗೆದ ಪಾಟಾಗಳೆರಡೂ ಬಾವಿಕಟ್ಟೆಗೆ ಒರಗಿದ್ದವು,
ಒಂದು ದಿನದ ಕೆಲಸ, ಮತ್ತೆ ಹಾಕಿದರಾಯಿತು.
ರಾತ್ರಿ ಎರಡು ಸಲ ಎದ್ದು ನೋಡಿದೆ.
ಬೆಳಗಾಗುವ ಮೊದಲೇ ಎಡದ್ದನ್ನು ಹೆಗಲಿಗೇರಿಸಿ
ಮೋನಪ್ಪ ಆಚಾರಿಯ ಕುಲುಮೆಗೆ ಹಾಕಿ ಬಂದೆ:
"ಅಂಜಲ್ ಕತ್ತರಿಸಲು ಒಂದು ಕತ್ತಿ. ಹಿಡಿ ಉದ್ದ ಇರಲಿ."
ಒಂದೇ ಕಡೆಗೆ ಪಾಟಾ ಹಾಕಲಾಗುವುದಿಲ್ಲವಲ್ಲ.
ಆಮೇಲೆ ಐಸಿನವನಿಗೆ ಫೋನು ಮಾಡಿದೆ.

ಈಗ ಹಿರಿಯಡಕದಿಂದ ಹಿಂದಕ್ಕೆ ಬರುವಾಗ
ಕ್ರೇಟುಗಳು ಸುಮ್ಮನೆ ಕೂತಿರುತ್ತವೆ.
ಹಂಪು ಬಂದರೆ ಗಾಡಿ ಒಮ್ಮೆ ತಲೆಯಾಡಿಸಿ ಇಳಿಯುತ್ತದೆ.
ಸದ್ದು ನಿಂತದ್ದರಿಂದ ಇನ್ನೊಂದು ಸದ್ದು ಕೇಳುತ್ತಿದೆ,
ಬಲಗಡೆ, ಬ್ರೇಕು ಒತ್ತಿದಾಗ, ಕೀಂಯ್ ಅಂತ.
ಬುಶ್ ಇರಬೇಕು.
ಸೋಮವಾರ ನೋಡುವ.